ಕಲ್ಲಿನ ಮೇಲೆ ಬರೆದ ಕನ್ನಡ: ಹರ್ಮನ್ ಮೋಗ್ಲಿಂಗ್

ನಾವು ಮೂವರು. ಒಬ್ಬ ಕೊಪ್ಪದವನು, ಒಬ್ಬಳು ಶೃಂಗೇರಿಯವಳು, ಇನ್ನೊಬ್ಬ ನರಸಿಂಹರಾಜಪುರದವನು. ಮೂರೂ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಅಕ್ಕಪಕ್ಕದ ತಾಲೂಕುಗಳು. ಈಗ ಘಟ್ಟ ಇಳಿದು ಕರಾವಳಿಯಲ್ಲಿ ಇಂಜಿನಿಯರಿಂಗ್ ಓದ್ತಾ ಇದೀವಿ. ಮೂವರೂ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಕನ್ನಡ ಚೆನ್ನಾಗಿ ಮಾತಾಡ್ತೀವಿ, ಪ್ರಿಂಟ್ ಆಗಿದ್ದನ್ನು ಓದ್ತೀವಿ. ಬರೆಯೋದು ಮಾತ್ರ ಫೋನಿನಲ್ಲಿ. ಪೆನ್ನು ಹಿಡಿದು ಒಂದು ಪುಟ ಕನ್ನಡ ಬರೆದು ಎಷ್ಟು ದಿನ ಆಯ್ತು ಅಂದ್ರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೇ ನೆನಪು ಮಾಡಿಕೊಳ್ಳಬೇಕು.

ಕಳೆದ ವರ್ಷ ರಾಜ್ಯೋತ್ಸವದ ಆಮಂತ್ರಣ ಪತ್ರ ಮಾಡೋ ಕೆಲಸವನ್ನು ಸಂಘದವರು ನಮಗೆ ಒಪ್ಪಿಸಿದರು. ಮಾಮೂಲಿ ಫಾಂಟ್ ಬೇಡ, ಕೈಯಲ್ಲಿ ಬರೆದ ಹಾಗೆ ಕಾಣಬೇಕು ಅಂತ ನಮ್ಮ ಆಸೆ. ಮದುವೆ ಕಾಗದಗಳಲ್ಲಿ ಹುಡುಗ ಹುಡುಗಿಯ ಹೆಸರನ್ನು ಬಳ್ಳಿ ಬಳ್ಳಿಯಾಗಿ ಹಾಕಿರ್ತಾರಲ್ಲ, ಆ ಥರ. ಇಂಗ್ಲಿಷಿನಲ್ಲಿ ಇಂಥ ಫಾಂಟುಗಳು ನೂರಾರು ಇವೆ. ಉದಾಹರಣೆಗೆ ಸ್ನೆಲ್ ರೌಂಡ್‌ಹ್ಯಾಂಡ್. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಸ್ನೆಲ್ ಅನ್ನೋ ಬರವಣಿಗೆ ಮೇಷ್ಟ್ರು ಇದ್ದರು. ಅವರ ಕೈಬರಹವನ್ನು ಮಾದರಿಯಾಗಿಟ್ಟುಕೊಂಡು 1960ರ ದಶಕದಲ್ಲಿ ಮ್ಯಾಥ್ಯೂ ಕಾರ್ಟರ್ ಅದನ್ನು ರೂಪಿಸಿದರು. ಇಂಥ ಫಾಂಟಿಗೆ ಜಾಗವೂ ಗೊತ್ತಾಗಿದೆ: ಆಮಂತ್ರಣ, ಸರ್ಟಿಫಿಕೇಟ್, ಅಂಗಡಿಯ ಹೆಸರು. ನಾಲ್ಕು ಪದಕ್ಕೆ ಚೆಂದ, ನಾಲ್ಕು ಪುಟಕ್ಕೆ ಹಾಕಿದರೆ ಕಣ್ಣು ನೋವು. ಕನ್ನಡದಲ್ಲಿ ಹುಡುಕಿ ಹುಡುಕಿ ಒಂದು ಫಾಂಟ್ ಸಿಕ್ಕಿತು, ಹಾಕಿದೆವು. ಎಲ್ಲರೂ ಹೊಗಳಿದರು.

ಪತ್ರದ ಹಿನ್ನೆಲೆಗೆ ಹಳೇ ಕಾಗದದ ಫೋಟೋ ಒಂದು ಬೇಕಿತ್ತು. ಎನ್.ಆರ್.ಪುರದವನು ಮನೆಯಿಂದ ತನ್ನ ಮುತ್ತಜ್ಜನ ಲೆಕ್ಕದ ಪುಸ್ತಕ ತಂದ. ನೂಲು ಕಿತ್ತು ಹೋದ, ಅಂಚು ಗೆದ್ದಲು ತಿಂದ ಪುಸ್ತಕ. ಅದರ ಫೋಟೋ ತೆಗೆಯುವಾಗ ಗೊತ್ತಾಯ್ತು, ಮೂವರಲ್ಲಿ ಒಬ್ಬರಿಗೂ ಅದನ್ನು ಓದೋಕೆ ಬರ್ತಾ ಇಲ್ಲ. ಕನ್ನಡವೇ. ಆದರೆ ಅಕ್ಷರಕ್ಕೆ ಅಕ್ಷರ ಸೇರಿಕೊಂಡು, ಒತ್ತುಗಳು ಕೆಳಗಿನ ಸಾಲಿಗೆ ಇಳಿದು, ತಲೆಕಟ್ಟು ಒಂದೇ ಗೆರೆಯಾಗಿ ಓಡಿದೆ. ಕೈಬರಹದ ಥರ ಕಾಣೋ ಫಾಂಟಿಗಾಗಿ ಒಂದು ವಾರ ಒದ್ದಾಡಿದ ನಮಗೆ ನಿಜವಾದ ಕೈಬರಹ ಓದಲಾಗಲಿಲ್ಲ. ಮರ್ಯಾದೆ ಹೋದ ಹಾಗಾಯ್ತು. ಆ ಪುಸ್ತಕವನ್ನು ಹಿನ್ನೆಲೆಗೆ ಹಾಕಲಿಲ್ಲ.

ಅದೇ ಹೊತ್ತಿಗೆ, ಕನ್ನಡದ ಕೈಬರಹ ಮೊದಲು ಅಚ್ಚಾಗಿದ್ದು ಯಾವಾಗ ಅಂತ ಹುಡುಕಿಕೊಂಡು ಹೋದಾಗ ನಮಗೆ ಸಿಕ್ಕವರು ಹರ್ಮನ್ ಮೋಗ್ಲಿಂಗ್. ಹೆಸರು ಎಲ್ಲರೂ ಕೇಳಿರ್ತೀರಿ. ಕನ್ನಡದ ಮೊದಲ ಪತ್ರಿಕೆ ಯಾವುದು ಅಂತ ಕ್ವಿಜ್‌ನಲ್ಲಿ ಕೇಳಿದರೆ ಮಂಗಳೂರು ಸಮಾಚಾರ ಅಂತೀವಿ, ಸಂಪಾದಕರು ಯಾರು ಅಂದರೆ ಮೋಗ್ಲಿಂಗ್ ಅಂತೀವಿ, ಎರಡು ಮಾರ್ಕು ತಗೊಂಡು ಮುಂದೆ ಹೋಗ್ತೀವಿ. ಆ ಎರಡು ಮಾರ್ಕಿನ ಹಿಂದೆ ಇರೋ ಮನುಷ್ಯನ ಬಗ್ಗೆ ಈ ಬರಹ.

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಅನ್ನೋ ಊರಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದರು. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. ಮಿಷನ್ನಿನ ಮೊದಲ ತಂಡ 1834ರಲ್ಲೇ ಮಂಗಳೂರಿಗೆ ಬಂದಿತ್ತು. ಮೋಗ್ಲಿಂಗ್ ಬಂದಿದ್ದು 1836ರಲ್ಲಿ. ಆಗ ಅವರಿಗೆ 25 ವರ್ಷ. ನಮಗಿಂತ ಆರು ವರ್ಷ ದೊಡ್ಡವರು ಅಷ್ಟೇ. ಕನ್ನಡದ ಒಂದಕ್ಷರ ನೋಡದೆ ಬೆಳೆದ ಹುಡುಗ.

ಅವರು ಬಂದಿದ್ದು ಧರ್ಮಪ್ರಚಾರಕ್ಕೆ. ಇದನ್ನು ಮುಚ್ಚಿಡೋದು ಬೇಡ. 1844ರ ಹೊತ್ತಿಗೆ ಅವರ ವಿದ್ಯಾರ್ಥಿಯಾಗಿದ್ದ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಯುವಕ ಮತ್ತು ಅವರ ಜೊತೆಯವರು ಕ್ರೈಸ್ತರಾದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯ್ತು. ಆ ಮನೆಗಳವರ ಸಂಕಟ ಸಣ್ಣದಾಗಿರಲಿಕ್ಕಿಲ್ಲ. ಆದರೆ ಬಂದ ಕೆಲಸದ ಜೊತೆಜೊತೆಗೇ ಮೋಗ್ಲಿಂಗ್ ಇನ್ನೊಂದು ಕೆಲಸ ಹಚ್ಚಿಕೊಂಡರು. ಜನರ ಜೊತೆ ಮಾತಾಡಬೇಕಾದರೆ ಜನರ ಮಾತು ಬರಬೇಕು, ಆ ಮಾತಿನಲ್ಲಿರೋ ಗಾದೆ, ಹಾಡು, ಕಾವ್ಯ ಗೊತ್ತಿರಬೇಕು ಅನ್ನೋದು ಅವರ ದಾರಿ. ಮಂಗಳೂರಿನಲ್ಲಿ ಕನ್ನಡ ಕಲಿತರು, ಧಾರವಾಡ ಹುಬ್ಬಳ್ಳಿ ಕಡೆಯೂ ಓಡಾಡಿದರು. ಗಾದೆಗಳನ್ನು ಕೂಡಿಹಾಕಿದರು. ಶಾಲೆ ನಡೆಸಿದರು, ಮುಂದೆ ಬಲ್ಮಠದಲ್ಲಿ ಉಪದೇಶಕರನ್ನು ತಯಾರು ಮಾಡೋ ಸೆಮಿನರಿಯಲ್ಲಿ ಪಾಠ ಹೇಳಿದರು.

ಅವರು ಕಲಿತ ಕನ್ನಡ ಪ್ರಿಂಟಿನ ಕನ್ನಡ ಅಲ್ಲ ಅನ್ನೋದನ್ನು ನಾವು ಗಮನಿಸಬೇಕು. ಆಗ ಅಚ್ಚಾದ ಕನ್ನಡ ಇದ್ದಿದ್ದೇ ಬೆರಳೆಣಿಕೆಯಷ್ಟು. 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಅವರ ಕನ್ನಡ ವ್ಯಾಕರಣ ಅಚ್ಚಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದರು. ಉಳಿದ ಕನ್ನಡವೆಲ್ಲ ತಾಳೆಗರಿಯಲ್ಲಿ, ಕಾಗದದ ಕಟ್ಟಿನಲ್ಲಿ, ಕಡತದಲ್ಲಿ.

ಕಡತ ಅಂದ್ರೆ ಏನು ಅಂತ ನಮ್ಮ ಶೃಂಗೇರಿಯವಳಿಗೆ ಗೊತ್ತಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ ಪುಸ್ತಕದ ಹಾಗೆ ಮಾಡಿ, ಅದರ ಮೇಲೆ ಬಳಪದಲ್ಲಿ ಬರೆಯೋದು. ಶೃಂಗೇರಿ ಮಠದ ಹಳೇ ಲೆಕ್ಕಪತ್ರ ಇಂಥ ಕಡತಗಳಲ್ಲೇ ಇದ್ದಿದ್ದು. ಟಿಪ್ಪು ಸುಲ್ತಾನ್ ಮಠಕ್ಕೆ ಬರೆಸಿದ ಕನ್ನಡ ಕಾಗದಗಳೂ ಅಲ್ಲೇ ಇದ್ದವು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವನ್ನು ಪತ್ತೆ ಮಾಡಿದರು. ನರಸಿಂಹಾಚಾರ್ ಅವರಿಗೆ ಆ ಕೈಬರಹ ಓದಲು ಬರದೇ ಇದ್ದಿದ್ದರೆ ಅವು ಇನ್ನೂ ಹಳೇ ಕಾಗದವಾಗಿಯೇ ಇರ್ತಿದ್ದವು. ನಮ್ಮ ಮುತ್ತಜ್ಜನ ಪುಸ್ತಕ ಇದ್ದ ಹಾಗೆ.

ಮೋಗ್ಲಿಂಗ್ ಕಲಿತಿದ್ದು ಈ ಓದನ್ನೇ. ಬರೆದವರ ಕೈಗೆ ತಕ್ಕ ಹಾಗೆ ಬದಲಾಗೋ ಅಕ್ಷರ, ಪದ ಪದದ ನಡುವೆ ಜಾಗವಿಲ್ಲದ ತಾಳೆಗರಿ. 25ನೇ ವಯಸ್ಸಿನಲ್ಲಿ ಶುರುಮಾಡಿದ ಪರದೇಶದವರು ಅದನ್ನು ಕಲಿತರು.

ಈಗ ಅಚ್ಚಿನ ವಿಷಯ. ಸೀಸದ ಮೊಳೆಯಲ್ಲಿ ಕನ್ನಡ ಅಚ್ಚು ಮಾಡೋದು ಯಾಕೆ ಕಷ್ಟ ಅಂತ ನಾವು ಇಂಜಿನಿಯರಿಂಗ್‌ನವರು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ನೂರರ ಆಸುಪಾಸಿನ ಮೊಳೆ ಸಾಕು. ಕನ್ನಡದಲ್ಲಿ ಕ ಇದೆ, ಕಿ ಇದೆ, ಕು ಇದೆ, ಕೆಳಗೆ ಕೂರೋ ಒತ್ತಕ್ಷರ ಬೇರೆ. ಕಿ ಬರೆದಾಗ ಕ ಅಕ್ಷರದ ತಲೆಯೇ ಬದಲಾಗುತ್ತೆ. ಹಾಗಾಗಿ ಮೊಳೆಗಳ ಲೆಕ್ಕ ನೂರುಗಳಲ್ಲಿ ಹೋಗುತ್ತೆ. ಪ್ರತಿಯೊಂದಕ್ಕೂ ಉಕ್ಕಿನ ತುದಿಯಲ್ಲಿ ಅಕ್ಷರವನ್ನು ಉಲ್ಟಾ ಕೆತ್ತಬೇಕು, ಅದನ್ನು ತಾಮ್ರಕ್ಕೆ ಬಡಿದು ಅಚ್ಚು ತೆಗೀಬೇಕು, ಅದಕ್ಕೆ ಕಾದ ಸೀಸ ಹೊಯ್ಯಬೇಕು. ಇವತ್ತು ಕಂಪ್ಯೂಟರ್ ಒಳಗೆ ಫಾಂಟ್ ಫೈಲು ಒಂದೇ ಕ್ಷಣದಲ್ಲಿ ಯಾವ ಒತ್ತು ಎಲ್ಲಿ ಅಂತ ಲೆಕ್ಕ ಹಾಕಿ ಕೂರಿಸಿಬಿಡುತ್ತೆ. ಅವತ್ತು ಅದೆಲ್ಲ ಮನುಷ್ಯರ ಬೆರಳು.

ಅದಕ್ಕೇ ಮಂಗಳೂರಿನ ಮಿಷನ್ ಮೊದಲು ಹಿಡಿದ ದಾರಿ ಕಲ್ಲಚ್ಚು. 1840ರ ದಶಕದ ಆರಂಭದಲ್ಲಿ ಅಲ್ಲಿ ಕಲ್ಲಚ್ಚಿನ ಯಂತ್ರ ಕೂತಿತು. ಈ ತಂತ್ರವನ್ನು ಕಂಡುಹಿಡಿದವರು ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್, 1790ರ ದಶಕದಲ್ಲಿ. ಅದರ ಗುಟ್ಟು ಫಸ್ಟ್ ಇಯರ್ ಕೆಮಿಸ್ಟ್ರಿಯಷ್ಟೇ: ಎಣ್ಣೆಗೂ ನೀರಿಗೂ ಆಗಿಬರಲ್ಲ. ನಯಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯೋದು. ಗೋಂದು ಮತ್ತು ತೆಳು ಆಮ್ಲ ಹಚ್ಚೋದು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಎಣ್ಣೆಮಸಿಯ ರೋಲರ್ ಉರುಳಿಸಿದರೆ, ಮಸಿ ಬರೆದ ಜಾಗಕ್ಕೆ ಮಾತ್ರ ಅಂಟಿ, ಒದ್ದೆ ಜಾಗದಲ್ಲಿ ಅಂಟಲ್ಲ. ಮೇಲೆ ಕಾಗದ ಒತ್ತಿದರೆ ಬರಹ ಇದ್ದ ಹಾಗೆ ಇಳಿಯುತ್ತೆ. ಕಲ್ಲಿನ ಮೇಲೆ ನೇರ ಬರೆಯೋದಾದರೆ ಕನ್ನಡಿಯಲ್ಲಿ ಕಾಣೋ ಹಾಗೆ ಉಲ್ಟಾ ಬರೆಯಬೇಕು. ಇಲ್ಲದಿದ್ದರೆ ವಿಶೇಷ ಕಾಗದದಲ್ಲಿ ಸರಿಯಾಗಿ ಬರೆದು ಕಲ್ಲಿಗೆ ಇಳಿಸಬೇಕು. ಮೊಳೆ ಬೇಡ, ಪಂಚು ಬೇಡ. ಒಂದು ಒಳ್ಳೆ ಕೈ ಬೇಕು.

1843ರ ಜುಲೈ 1ರಂದು ಮಂಗಳೂರು ಸಮಾಚಾರದ ಮೊದಲ ಸಂಚಿಕೆ ಬಂತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಅಚ್ಚಾಗಿದ್ದು ಕಲ್ಲಿನಲ್ಲಿ. ಅಂದರೆ ಕನ್ನಡದ ಮೊದಲ ಪತ್ರಿಕೆಯೇ ಕೈಬರಹದ್ದು! ಊರಿನ ಸುದ್ದಿ, ಸರ್ಕಾರದ ಕಾನೂನು, ಬೇರೆ ರಾಜ್ಯಗಳ ವರ್ತಮಾನ, ಕಥೆ, ಬುದ್ಧಿಮಾತು, ದಾಸರ ಪದ, ಎಲ್ಲಕ್ಕೂ ಅದರಲ್ಲಿ ಜಾಗ ಇತ್ತು. ಆಗಿನ ಕಾಲದಲ್ಲಿ ಸರ್ಕಾರದ ಆಜ್ಞೆ ಜನಕ್ಕೆ ಗೊತ್ತಾಗ್ತಿದ್ದಿದ್ದು ಯಾರೋ ಹೇಳಿ, ಅದನ್ನು ಇನ್ಯಾರೋ ತಿರುಚಿ ಹೇಳಿ. ಅದು ತಮ್ಮ ಭಾಷೆಯಲ್ಲಿ ಬರಹದಲ್ಲಿ ಸಿಗೋದು ಅಂದ್ರೆ ಸಣ್ಣ ವಿಷಯ ಅಲ್ಲ. ಘಟ್ಟದ ಮೇಲಿನ ನಮ್ಮ ಮೂರು ಊರು ಆಗ ಮೈಸೂರು ಸೀಮೆ, ಬ್ರಿಟಿಷ್ ಕಮಿಷನರ್‌ಗಳ ಆಡಳಿತ. ಎನ್.ಆರ್.ಪುರದ ಹೆಸರು ಎಡೆಹಳ್ಳಿ. ಘಟ್ಟದ ಕೆಳಗಿನ ಮಂಗಳೂರು ಮದರಾಸಿಗೆ ಸೇರಿದ್ದು. ಕನ್ನಡ ಒಂದೇ ಆದರೂ ಸರ್ಕಾರ ಬೇರೆ ಬೇರೆ. ಇಂಥ ಹೊತ್ತಿನಲ್ಲಿ ಬೇರೆ ಸೀಮೆಯ ಸುದ್ದಿ ಅನ್ನೋದು ನಿಜಕ್ಕೂ ಸುದ್ದಿಯೇ.

ಕಲ್ಲಚ್ಚಿಗೂ ಮಿತಿ ಇತ್ತು. ಪ್ರತಿ ಸಂಚಿಕೆಯನ್ನು ಹೊಸದಾಗಿ ಕೈಯಲ್ಲೇ ಬರೀಬೇಕು, ಒಂದು ತಪ್ಪಾದರೆ ಕಲ್ಲನ್ನೇ ತಿದ್ದಬೇಕು. ಬಳ್ಳಾರಿಯಲ್ಲಿ ಮೊಳೆ ಅಚ್ಚಿನ ಅನುಕೂಲ ಇದ್ದಿದ್ದರಿಂದ 1844ರಲ್ಲಿ ಪತ್ರಿಕೆ ಅಲ್ಲಿಗೆ ಹೋಯ್ತು. ಹೆಸರು ಕನ್ನಡ ಸಮಾಚಾರ ಅಂತ ಬದಲಾಯ್ತು. ಮಂಗಳೂರಿನಲ್ಲಿ ಅದು ನಡೆದಿದ್ದು ಒಂದು ವರ್ಷವೂ ಇಲ್ಲ. ನಮ್ಮ ಎರಡು ಸೆಮಿಸ್ಟರ್‌ಗಿಂತ ಕಡಿಮೆ. ಆದರೂ ಆ ಜುಲೈ 1ನ್ನು ಕರ್ನಾಟಕದಲ್ಲಿ ಇವತ್ತಿಗೂ ಪತ್ರಿಕಾ ದಿನ ಅಂತ ಆಚರಿಸ್ತಾರೆ.

ಪತ್ರಿಕೆ ಹೋಯ್ತು ಅಂತ ಮೋಗ್ಲಿಂಗ್ ಸುಮ್ಮನೆ ಕೂರಲಿಲ್ಲ. ಮದರಾಸು ಸರ್ಕಾರದಲ್ಲಿ ನ್ಯಾಯಾಧೀಶರಾಗಿದ್ದ ಕ್ಯಾಸಮೇಜರ್ ಅನ್ನೋರಿಗೆ ಕನ್ನಡದ ಹಳೇ ಕಾವ್ಯಗಳ ಮೇಲೆ ಪ್ರೀತಿ. ಅವರು ಹಣ ಕೊಟ್ಟು ಬೆನ್ನಿಗೆ ನಿಂತರು. ಮೋಗ್ಲಿಂಗ್ ಹಸ್ತಪ್ರತಿಗಳನ್ನು ಹುಡುಕಿಸಿ, ಓದಿ, ಹೋಲಿಸಿ, 1848ರಿಂದ 1851ರವರೆಗೆ ಬಿಬ್ಲಿಯೋತಿಕಾ ಕರ್ನಾಟಿಕಾ ಅನ್ನೋ ಮಾಲೆಯಲ್ಲಿ ಒಂದಾದಮೇಲೊಂದು ಹೊರತಂದರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು. ಕುಮಾರವ್ಯಾಸನ ಭಾರತದಿಂದಲೂ ಭಾಗಗಳು ಬಂದವು. ಇವೂ ಕಲ್ಲಚ್ಚಿನಲ್ಲೇ. ಅಷ್ಟು ಸಾವಿರ ಸಾಲುಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದು ಕಲ್ಲಿಗೆ ಇಳಿಸೋದು ಅಂದ್ರೆ ಎಂಥ ಕೆಲಸ ಯೋಚಿಸಿ. ನಾವು ಮೂರು ಸಾಲಿನ ಆಮಂತ್ರಣಕ್ಕೆ ಒಂದು ವಾರ ತಗೊಂಡೆವು.

ಇಲ್ಲಿ ನಮ್ಮ ಜಿಲ್ಲೆಯ ಹೆಮ್ಮೆ ಒಂದು ಹೇಳಿಬಿಡ್ತೀವಿ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕಡೂರು ತಾಲೂಕಿನ ದೇವನೂರಿನವನು. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ರಾತ್ರಿ ದೀಪ ಹಚ್ಚಿಟ್ಟು ರಾಗವಾಗಿ ಓದ್ತಾ ಇದ್ದಿದ್ದು ಈ ಜೈಮಿನಿಯನ್ನು, ತೊರವೆ ರಾಮಾಯಣವನ್ನು. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಬೆಳೆದಿದ್ದು ಇಂಥ ಓದನ್ನು ಕೇಳಿಕೊಂಡೇ. ತಾಳೆಗರಿಯಲ್ಲಿದ್ದ ಕಾವ್ಯ ಪುಸ್ತಕವಾಗಿ ಸಾಮಾನ್ಯರ ಮನೆಯ ಪೆಟ್ಟಿಗೆಗೆ ಬರೋ ದಾರಿಯನ್ನು ತೆರೆದವರಲ್ಲಿ ಮೋಗ್ಲಿಂಗ್ ಮೊದಲ ಸಾಲಿನವರು. ಇನ್ನೊಂದು ಸೋಜಿಗ ಏನಂದ್ರೆ, ಶಿವಶರಣರ ಪುರಾಣ, ಹರಿದಾಸರ ಪದ, ಎರಡನ್ನೂ ಅಚ್ಚು ಮಾಡಿಸಿದ್ದು ಬೇರೆ ಧರ್ಮ ಹರಡೋಕೆ ಬಂದ ಪಾದ್ರಿ. ತಮ್ಮ ನಂಬಿಕೆ ಅವರು ಬಿಡಲಿಲ್ಲ. ಆದರೆ ಒಳ್ಳೇದು ಅಂತ ಕಂಡ ಕಾವ್ಯವನ್ನು, ಅದು ತಮ್ಮದಲ್ಲ ಅನ್ನೋ ಕಾರಣಕ್ಕೆ ಬಿಟ್ಟುಹಾಕಲೂ ಇಲ್ಲ.

ಮೊಳೆ ಅಕ್ಷರದ ಕನಸನ್ನು ಹಿಡಿದವರು ಮೋಗ್ಲಿಂಗರ ಬಂಧು, ಅದೇ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ. ಅವರ ಪ್ರಯತ್ನದಿಂದ ಯುರೋಪಿನಲ್ಲಿ ಹೊಸ ಕನ್ನಡ ಅಕ್ಷರಗಳು ತಯಾರಾದವು. 1851ರಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್ ಮೊಳೆ ಮತ್ತು ಯಂತ್ರದ ಜೊತೆ ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ ಪ್ರೆಸ್ಸಿನ ದುಂಡು ದುಂಡು ಕನ್ನಡ ಅಕ್ಷರಕ್ಕೆ ಆಮೇಲೆ ಬಂದ ಹೆಸರು ಎಲ್ಲರಿಗೂ ಗೊತ್ತು. ಕಲ್ಲಿನ ಕಾಲ ನಿಧಾನಕ್ಕೆ ಮುಗೀತು. 1855ರಲ್ಲಿ ವೈಗ್ಲೆ ತೀರಿಕೊಂಡರು. ಅವರ ಹೆಂಡತಿ ಪೌಲೀನೆ ಚಿಕ್ಕ ಮಕ್ಕಳ ಜೊತೆ ಒಬ್ಬರೇ ಉಳಿದರು. ಮುಂದೆ ಮೋಗ್ಲಿಂಗ್ ಅವರನ್ನು ಮದುವೆಯಾಗಿ ಆ ಮಕ್ಕಳಿಗೆ ತಂದೆಯಾದರು.

ಅಷ್ಟು ಹೊತ್ತಿಗೆ ಮೋಗ್ಲಿಂಗ್ ಕೊಡಗಿನಲ್ಲಿದ್ದರು. ಅಲ್ಮಂಡ ಸೋಮಯ್ಯ ಅನ್ನೋ ಕೊಡವರ ಮೂಲಕ ಅಲ್ಲಿಗೆ ಹೋದವರು, ಕಾಫಿ ತೋಟ, ಕೂಲಿಯವರ ಬದುಕು, ಆನಂದಪುರ ಅನ್ನೋ ಹೊಸ ಊರು ಅಂತ ಅಲ್ಲೇ ಬೇರು ಬಿಟ್ಟರು. 1855ರಲ್ಲಿ ಕೊಡಗಿನ ಚರಿತ್ರೆ ಮತ್ತು ಜನಜೀವನದ ಬಗ್ಗೆ ಕೂರ್ಗ್ ಮೆಮೊಯರ್ಸ್ ಅನ್ನೋ ಇಂಗ್ಲಿಷ್ ಪುಸ್ತಕ ಬರೆದರು. 1853ರಲ್ಲಿ ಭಾರತಕ್ಕೆ ಬಂದ ತರುಣ ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ ಕನ್ನಡದ ದಾರಿ ತೋರಿಸಿದ ಹಿರಿಯರಲ್ಲಿ ಮೋಗ್ಲಿಂಗ್ ಒಬ್ಬರು. ಆ ಕಿಟ್ಟೆಲ್ ಅವರ ನಿಘಂಟು ಬಂದಿದ್ದು 1894ರಲ್ಲಿ. ಅದನ್ನು ನೋಡೋಕೆ ಮೋಗ್ಲಿಂಗ್ ಇರಲಿಲ್ಲ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಿದ್ದರಿಂದ ಜರ್ಮನಿಗೆ ವಾಪಸ್ಸು ಹೋದರು. ಮತ್ತೆ ಬರಲಾಗಲಿಲ್ಲ. ಅಲ್ಲಿ ಕೂತು ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದ ಮಾಡಿದರು, ಕೊಡಗಿನ ಬಗ್ಗೆ ಇನ್ನೊಂದು ಪುಸ್ತಕ ತಂದರು. 24 ವರ್ಷ ಇಲ್ಲಿದ್ದು ಹೋದ ಮೇಲೆ ಇನ್ನೂ 21 ವರ್ಷ ಅಲ್ಲಿ ಬದುಕಿ, 1881ರ ಮೇ 10ರಂದು ಎಸ್ಲಿಂಗನ್ ಊರಿನಲ್ಲಿ ತೀರಿಕೊಂಡರು.

ಮೋಗ್ಲಿಂಗ್ ಓಡಾಡಿದ ಬಲ್ಮಠ ಇವತ್ತು ಮಂಗಳೂರಿನ ನಡುಮಧ್ಯೆ ಇದೆ. ಅಲ್ಲಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ಹಳೇ ಪುಸ್ತಕ, ದಾಖಲೆಗಳ ಸಂಗ್ರಹ ಇದೆ. ನಾವು ಸಿಟಿ ಬಸ್ಸಿನಲ್ಲಿ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದೀವಿ, ಫೋನ್ ನೋಡಿಕೊಂಡು.

ಇಷ್ಟೆಲ್ಲ ಓದಿದ ಮೇಲೆ ನಮಗೆ ಅನಿಸಿದ್ದು ಒಂದೇ. ಕೈಬರಹದ ಹಾಗೆ ಕಾಣೋ ಫಾಂಟ್ ತಪ್ಪಲ್ಲ. ಚೆಂದ ಇದೆ, ಮದುವೆ ಕಾಗದಕ್ಕೆ ಬೇಕು, ಈ ವರ್ಷದ ಆಮಂತ್ರಣಕ್ಕೂ ನಾವು ಅದನ್ನೇ ಹಾಕ್ತೀವಿ. ಆದರೆ ಅದು ಅಲಂಕಾರ. ಅದರಲ್ಲಿ ನೂರು ಸಲ ಕ ಒತ್ತಿದರೆ ನೂರು ಸಲವೂ ಅದೇ ಕ ಬರುತ್ತೆ. ಮೋಗ್ಲಿಂಗ್ ಕಾಲದ ಕಲ್ಲಿನ ಮೇಲಿನ ಬರಹ ಅಲಂಕಾರಕ್ಕೆ ಇದ್ದಿದ್ದಲ್ಲ. ಮೊಳೆ ಇರಲಿಲ್ಲ, ಓದೋರಿಗೆ ಸುದ್ದಿ ಮುಟ್ಟಬೇಕಿತ್ತು, ಅದಕ್ಕೆ ಯಾರೋ ಕೂತು ಬರೆದರು. ಅದಕ್ಕೂ ಮೊದಲು ಮೋಗ್ಲಿಂಗ್ ಕೂತು ಓದಿದರು. ಕೈಬರಹವನ್ನು ಓದಬಲ್ಲ ಕಣ್ಣು ಇಲ್ಲದಿದ್ದರೆ ಅಚ್ಚು ಹಾಕೋಕೆ ಏನೂ ಇರ್ತಿರಲಿಲ್ಲ.

ಕಳೆದ ದಸರಾ ರಜೆಯಲ್ಲಿ ಮೂವರೂ ಕೊಪ್ಪದಲ್ಲಿ ಸೇರಿದೆವು. ಕೊಪ್ಪದವನ ಅಜ್ಜಿಗೆ ಎಂಬತ್ತು ದಾಟಿದೆ, ಕನ್ನಡಕ ಹಾಕಿಕೊಂಡರೆ ಎಂಥ ಬರಹವನ್ನೂ ಓದ್ತಾರೆ. ಮುತ್ತಜ್ಜನ ಪುಸ್ತಕವನ್ನು ಅವರ ಮುಂದಿಟ್ಟೆವು. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಬಿಡಿಸಿ ತೋರಿಸಿದರು, ನಾವು ಪಕ್ಕದಲ್ಲಿ ಬಿಡಿ ಅಕ್ಷರದಲ್ಲಿ ಬರೆದುಕೊಂಡೆವು. ಮೊದಲ ದಿನ ಹನ್ನೊಂದು ಸಾಲು ಆಯ್ತು. ಅದು ಅಡಿಕೆ ಮಾರಿದ ಲೆಕ್ಕ ಅಂತ ಎನ್.ಆರ್.ಪುರದವನ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟುವಾಗ ಅವರ ಹಳೇ ತೋಟ ಹಿನ್ನೀರಿಗೆ ಹೋಗಿತ್ತು. ನೀರು ಬರೋ ಮೊದಲು ಮುತ್ತಜ್ಜ ತೋಟ ಸುತ್ತಿ ಬರೆದಿಟ್ಟ ಪಟ್ಟಿ ಅದು. ಅಡಿಕೆ ಇಷ್ಟು, ಹಲಸು ಎರಡು, ಬಾವಿಯ ಪಕ್ಕದ ಮಾವು ಒಂದು.

ನಮ್ಮ ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಪ್ಪನಿಗೆ ಫೋನ್ ಮಾಡಿ ಹನ್ನೊಂದು ಸಾಲನ್ನೂ ಓದಿ ಹೇಳಿದ.

ಆ ಪುಸ್ತಕದಲ್ಲಿ ಇನ್ನೂ ನಲವತ್ತು ಪುಟ ಇದೆ. ಸಂಕ್ರಾಂತಿಗೆ ಮತ್ತೆ ಕೊಪ್ಪಕ್ಕೆ ಹೋಗ್ತೀವಿ. ಅಷ್ಟರಲ್ಲಿ ದಿನಾ ಅರ್ಧ ಪುಟ ಕನ್ನಡ ಕೈಯಲ್ಲಿ ಬರೆಯೋದು ಅಂತ ಮೂವರೂ ಮಾತು ಮಾಡಿಕೊಂಡಿದೀವಿ. ಅಕ್ಷರ ಕಾಗೆ ಕಾಲಿನ ಹಾಗಿದೆ, ಆದರೆ ಒಬ್ಬರದನ್ನು ಇನ್ನೊಬ್ಬರು ಓದಬಹುದು. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಪುಸ್ತಕ ಇರಬಹುದು. ಅದನ್ನು ಓದಬಲ್ಲವರು ಮನೆಯಲ್ಲಿ ಇರುವಾಗಲೇ ಕೆಳಗಿಳಿಸಿ.